ತೊಳೆಯೋಕೆ ಕೊಟ್ಟ ಹಳೇ ಗ್ರಾಮಫೋನ್ ಪ್ಲೇಟಿಗೆ, ಅರಗಿನ ಪ್ಲೇಟಿಗೆ, ಆಡಿಯೊ ಅಂಗಡಿಯವರು ಸ್ಪಿರಿಟ್ ಹಾಕಿ ಒರೆಸಿದ್ದಾರೆ!

ಸ್ಪಿರಿಟ್! ಹತ್ತಿ ಅದ್ದಿ, ಒತ್ತಿ, ಸುತ್ತಲೂ ತಿಕ್ಕಿ ಒರೆಸಿದ್ದಾರೆ. ಒಂದಲ್ಲ, ಆರು ಪ್ಲೇಟು. ಎರಡೂ ಬದಿ.

ಚೀಟಿ ಬರೆದೇ ಕೊಟ್ಟಿದ್ದೆ. ‘78 ಆರ್‌ಪಿಎಂ, ಅರಗಿನ ಪ್ಲೇಟು, ಆಲ್ಕೋಹಾಲ್ ಮುಟ್ಟಿಸಬೇಡಿ’ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು, ಹಿಂದಿಯಲ್ಲಿ ಒಂದು ಸಾಲು. ವಾಪಸ್ ಬಂದಾಗ ಚೀಟಿ ಮೊದಲನೇ ಕವರಿನೊಳಗೇ ಇತ್ತು. ಮಡಿಕೆ ಸಹ ಬಿಚ್ಚಿರಲಿಲ್ಲ. ದಾದರಿನಿಂದ ಡೊಂಬಿವಲಿವರೆಗೂ ಟ್ರೇನಿನಲ್ಲಿ ಆ ಮಡಿಕೆ ಬಿಚ್ಚದ ಚೀಟಿ ಹಿಡ್ಕೊಂಡೇ ಬಂದೆ. ಈಗ ರಾತ್ರಿ ಹನ್ನೆರಡೂವರೆ. ನಿದ್ದೆ ಬರ್ತಿಲ್ಲ.

ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು. ಎಲ್‌ಪಿ ಬೇರೆ, ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟು ಬೇರೆ. ಎಲ್‌ಪಿ ವಿನೈಲ್, ಅಂದ್ರೆ ಪ್ಲಾಸ್ಟಿಕ್. ಅದಕ್ಕೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬೇಗ ತೊಳೆದು ತೆಗೆದರೆ ಸಾಮಾನ್ಯವಾಗಿ ಏನೂ ಆಗಲ್ಲ, ಎಷ್ಟೋ ಜನ ಹಾಗೇ ತೊಳೀತಾರೆ. 78ರ ಹಳೇ ಪ್ಲೇಟು ಪ್ಲಾಸ್ಟಿಕ್ ಅಲ್ಲ. ಅದು ಅರಗು. ನಮ್ಮ ಕಾಡಿನ ಮರಗಳ ಮೇಲೆ ಹುಳ ಕಟ್ಟುವ ಅದೇ ಅರಗು. ಬಳೆಗೆ ಹಾಕ್ತಿದ್ದದ್ದು, ಲಕೋಟೆಗೆ ಮುದ್ರೆ ಒತ್ತುತ್ತಿದ್ದದ್ದು, ಪಾಂಡವರನ್ನು ಸುಡೋದಕ್ಕೆ ಮನೆ ಕಟ್ಟಿಸಿದ್ದು, ಎಲ್ಲ ಇದರಿಂದಲೇ. ಪ್ಲೇಟಿನಲ್ಲಿ ಹೆಚ್ಚಿನ ಪಾಲು ಕಲ್ಲಿನ ನುಣ್ಣನೆ ಪುಡಿ, ಜೊತೆಗೆ ಕಪ್ಪು ಬಣ್ಣಕ್ಕೆ ಇಂಗಾಲ, ಒಂದಿಷ್ಟು ಹತ್ತಿಯ ಎಳೆ. ಇವನ್ನೆಲ್ಲ ಹಿಡಿದು ನಿಲ್ಲಿಸುವ ಅಂಟು ಅಂದ್ರೆ ಅರಗು. ಆ ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತೆ. ಇದೇನು ದೊಡ್ಡ ವಿಜ್ಞಾನವಾ? ಲೋಹಾರ್ ಚಾಳಿನಿಂದ ಡೊಂಬಿವಲಿವರೆಗೆ ಯಾವ ಬಡಗಿಯನ್ನಾದರೂ ಕೇಳಿ. ಪಾಲಿಶ್ ಹೇಗೆ ಮಾಡ್ತೀಯಪ್ಪಾ ಅಂದ್ರೆ ಚಪ್ಡಾ ತಗೊಂಡು ಸ್ಪಿರಿಟ್ಟಿನಲ್ಲಿ ರಾತ್ರಿಯಿಡೀ ನೆನೆಸಿ ಕರಗಿಸ್ತೀನಿ ಅಂತಾನೆ. ಚಪ್ಡಾ ಅಂದ್ರೆ ಅರಗಿನ ಹಾಳೆ. ಕಪಾಟಿಗೆ ಪಾಲಿಶ್ ಹೊಡೆಯೋನಿಗೆ ಗೊತ್ತಿರೋದು, ಲಕ್ಷಾಂತರ ರೂಪಾಯಿಯ ಆಂಪ್ಲಿಫೈಯರ್ ಮಾರೋ ಅಂಗಡಿಗೆ ಗೊತ್ತಿಲ್ಲ!

ಕೌಂಟರಿನ ಮೇಲೆ ಹತ್ತಿಯ ಉಂಡೆಗಳು ಬಿದ್ದಿದ್ವು. ಕಪ್ಪು-ಕಂದು ಬಣ್ಣ. ಹುಡುಗ ಹೆಮ್ಮೆಯಿಂದ ತೋರಿಸಿದ, ‘ನೋಡಿ ಅಂಕಲ್, ಎಷ್ಟು ಕೊಳೆ ಬಂತು’ ಅಂತ. ಅದು ಕೊಳೆ ಅಲ್ಲ ಮಾರಾಯಾ. ಅದು ಪ್ಲೇಟು. ಪ್ಲೇಟೇ ಹತ್ತಿಗೆ ಬಂದಿತ್ತು.

ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಒಳ್ಳೇ ಪ್ಲೇಟನ್ನು ಹಾಗೆ ಹಿಡಿದ್ರೆ ಕಪ್ಪು ಬಾವಿ ನೀರಿನ ಹಾಗೆ ಹೊಳಪು, ಬೆಳಕು ಒಂದು ಗೆರೆಯಾಗಿ ನಡುವಿನಿಂದ ಅಂಚಿಗೆ ಓಡುತ್ತೆ. ಇದರಲ್ಲಿ ಆ ಗೆರೆ ಇಲ್ಲ. ಬೂದು ಬಣ್ಣ, ಮಂಜು ಕವಿದ ಗಾಜಿನ ಹಾಗೆ. ಹತ್ತಿ ಎಲ್ಲಿ ನಿಂತು ತಿರುಗಿದೆಯೋ ಅಲ್ಲಿ ಬೆರಳಗಲದ ಮಸುಕು. ಲೇಬಲಿನ ಅಂಚಿನಲ್ಲಿ ಕೆಂಪು ಬಣ್ಣ ಹರಿದು ಗುಲಾಬಿ ಆಗಿದೆ.

ಸ್ಪಿರಿಟ್ ಆರಿದ ಮೇಲೆ ಅರಗು ಮತ್ತೆ ಗಟ್ಟಿಯಾಗುತ್ತಲ್ಲ ಅಂತ ಕೇಳಬೇಡಿ. ಗಟ್ಟಿ ಆಗುತ್ತೆ, ಆಕಾರ ವಾಪಸ್ ಬರಲ್ಲ. ಈ ಪ್ಲೇಟುಗಳಲ್ಲಿ ಹಾಡು ಇರೋದು ಗ್ರೂವಿನ, ಅಂದ್ರೆ ಸೂಜಿ ಓಡುವ ಸಣ್ಣ ಕಾಲುವೆಯ, ಎರಡು ಗೋಡೆಗಳ ಅಂಕುಡೊಂಕಿನಲ್ಲಿ. ಎತ್ತರದ ಸ್ವರಗಳ, ಸಕಾರ-ಷಕಾರಗಳ ಅಂಕುಡೊಂಕು ಎಲ್ಲಕ್ಕಿಂತ ಸಣ್ಣದು. ಗೋಡೆಯ ಮೇಲ್ಮೈ ಒಂದು ಪದರ ಕರಗಿದರೂ ಮೊದಲು ಹೋಗೋದು ಅದೇ. ಅಂಟು ಹೋದ ಜಾಗದಲ್ಲಿ ಕಲ್ಲುಪುಡಿ ಮೇಲೆದ್ದು ನಿಲ್ಲುತ್ತೆ, ಸೂಜಿ ಅದರ ಮೇಲೆ ಓಡುತ್ತೆ. ಅದಕ್ಕೇ ಸುರಿಮಳೆಯ ಹಾಗೆ ಸದ್ದು.

ಹೋಗ್ಲಿ, ತಪ್ಪಾಯ್ತು ಅಂದಿದ್ರೆ ಬಿಡ್ತಿದ್ದೆ. ನಿಜ ಹೇಳ್ತೀನಿ, ಬಿಡ್ತಿದ್ದೆ.

ಆದರೆ ಏನು ಮಾಡಿದ್ರು? ಮಾಲೀಕ ಒಳಗಿನಿಂದ ಬಂದ. ‘ಏನೂ ಆಗಿಲ್ಲ ಅಂಕಲ್, ಹಾಕಿ ತೋರಿಸ್ತೀನಿ’ ಅಂದ. ಅಂಗಡಿ ತುಂಬಾ ಜನ, ಶನಿವಾರ ಸಂಜೆ. ಹೊಸ ಎಲ್‌ಪಿ ನೋಡ್ತಿದ್ದ ಇಬ್ಬರು ಹುಡುಗರು, ಸ್ಪೀಕರ್ ಕೇಳೋಕೆ ಬಂದ ಒಂದು ಕುಟುಂಬ. ಎಲ್ಲರೂ ತಿರುಗಿದರು. ಆತ ಟರ್ನ್‌ಟೇಬಲ್ ಮೇಲೆ ಪ್ಲೇಟು ಇಟ್ಟ, ವೇಗ 78ಕ್ಕೆ ಮಾಡಿದ, ಆರ್ಮ್ ಎತ್ತಿ ಇಳಿಸಿದ. ಎಲ್‌ಪಿ ಸೂಜಿ! ಅದೇ ಸೂಜಿ, ಅರ್ಧ ನಿಮಿಷದ ಹಿಂದೆ ಎಲ್‌ಪಿ ಮೇಲಿದ್ದದ್ದು! ಬಾಯಿ ತೆಗೆಯೋದರೊಳಗೆ ಶುರುವಾಗಿತ್ತು. ಆಳೆತ್ತರದ ಸ್ಪೀಕರುಗಳಲ್ಲಿ ಎಣ್ಣೆಗೆ ನೀರು ಬಿದ್ದ ಹಾಗೆ ಚಟಪಟ, ಅದರ ಹಿಂದೆ ಎಲ್ಲೋ ದೂರದಲ್ಲಿ ಒಂದು ದನಿ. ಆ ಕುಟುಂಬದ ಹೆಂಗಸು ಕಿವಿಗೆ ಕೈ ಇಟ್ಟುಕೊಂಡರು. ಹುಡುಗರು ನಕ್ಕರು. ಮಾಲೀಕ ನನ್ನ ಕಡೆ ನೋಡಿ, ‘ಅಂಕಲ್, ಯೇ ತೋ ಐಸಾ ಹೀ ಬಜತಾ ಹೈ. ಪುರಾನಾ ಮಾಲ್ ಹೈ’ ಅಂದ. ಇದು ಕೇಳಿಸೋದೇ ಹೀಗೆ, ಹಳೇ ಮಾಲು ಅಂತ. ಆಮೇಲೆ ತುಂಬಾ ಮೆತ್ತಗೆ, ಮಗುವಿಗೆ ಹೇಳೋ ಹಾಗೆ, ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿ, ಚೆನ್ನಾಗಿ ಕಾಣುತ್ತೆ ಅಂದ.

ಗೋಡೆಗೆ!

ಆ ಕ್ಷಣ ನೂರು ಸಲ ಕಣ್ಣ ಮುಂದೆ ಬರ್ತಿದೆ. ಆಗ ಹೇಳಬೇಕಿದ್ದದ್ದು ಒಂದೂ ಬಾಯಿಗೆ ಬರಲಿಲ್ಲ. ಈಗ ಹೇಳ್ತೀನಿ.

ಎಲ್‌ಪಿ ಸೂಜಿಯ ತುದಿ 0.7 ಮಿಲ್ (ಮಿಲ್ ಅಂದ್ರೆ ಇಂಚಿನ ಸಾವಿರದಲ್ಲೊಂದು ಪಾಲು), ಅಂದ್ರೆ ಸುಮಾರು 18 ಮೈಕ್ರಾನ್. 78ಕ್ಕೆ ಬೇಕಾದ್ದು 3 ಮಿಲ್, ಸುಮಾರು 76 ಮೈಕ್ರಾನ್. ನಾಲ್ಕು ಪಟ್ಟು ದಪ್ಪ. ಸಣ್ಣ ಸೂಜಿ 78ರ ಅಗಲ ಗ್ರೂವಿನಲ್ಲಿ ಗೋಡೆಗೆ ತಾಗಲ್ಲ, ತಳಕ್ಕೆ ಬಿದ್ದು ಹೊರಳಾಡುತ್ತೆ. ತಳದಲ್ಲಿ ಹಾಡಿಲ್ಲ. ಇರೋದು ತೊಂಬತ್ತು ವರ್ಷದ ಧೂಳು, ಸ್ಟೀಲ್ ಪಿನ್ನು ಸವೆದ ಪುಡಿ. ಅಂದ್ರೆ ಆತ ಎಲ್ಲರಿಗೂ ಕೇಳಿಸಿದ್ದು ಕಸ. ಹಾಡನ್ನು ಕೇಳಿಸಲೇ ಇಲ್ಲ.

ಭಾರವೂ ತಪ್ಪು. ಎಲ್‌ಪಿ ಕಾರ್ಟ್ರಿಜ್‌ಗೆ, ಅಂದ್ರೆ ಆರ್ಮಿನ ತುದಿಯಲ್ಲಿ ಸೂಜಿ ಹಿಡಿಯುವ ಭಾಗಕ್ಕೆ, ಸುಮಾರು 2 ಗ್ರಾಂ ಭಾರ ಸಾಕು. ಆಡಿಯೊ-ಟೆಕ್ನಿಕಾ ವಿಎಂ95 ಸರಣಿಯಲ್ಲಿ 78ಕ್ಕೆ ಅಂತಲೇ ಬರುವ 3 ಮಿಲ್ ಸೂಜಿಗೆ 5 ಗ್ರಾಂ ಹೇಳ್ತಾರೆ. ಒಳ್ಳೇದೇನಂದ್ರೆ ಆ ಸರಣಿಯ ಕಾರ್ಟ್ರಿಜ್ ಮೈ ಒಂದೇ, ಸೂಜಿ ಮಾತ್ರ ಎಳೆದು ಬದಲಾಯಿಸಬಹುದು. ಆದರೆ ಸೂಜಿ ಬದಲಾಯಿಸಿದ ಮೇಲೆ ಹಿಂದಿನ ತೂಕದ ಗುಂಡು ತಿರುಗಿಸಿ ಮತ್ತೆ ಹೊಂದಿಸಬೇಕು. ಎಷ್ಟೋ ಆರ್ಮುಗಳಲ್ಲಿ ಗುಂಡಿನ ಮೇಲಿನ ಅಂಕಿ 3 ಅಥವಾ 4ಕ್ಕೇ ನಿಲ್ಲುತ್ತೆ. ಅದಕ್ಕೆ ಸೂಜಿತಕ್ಕಡಿ ಬೇಕು, ಕೆಲವು ನೂರು ರೂಪಾಯಿಗೆ ಡಿಜಿಟಲ್‌ದು ಸಿಗುತ್ತೆ. ಅದನ್ನು ಪ್ಲೇಟಿನ ಎತ್ತರಕ್ಕೇ ಇಟ್ಟು ತೂಗಬೇಕು, ಮೇಲೆ-ಕೆಳಗೆ ಆದ್ರೆ ಅಳತೆ ತಪ್ಪುತ್ತೆ.

ಮೂರನೇದು, ಸ್ಟೀರಿಯೊದಲ್ಲಿ ಹಾಕಿದ್ದು. 78ರ ಈ ಪ್ಲೇಟುಗಳು ಮೊನೊ, ಎಡ-ಬಲ ಅಂತ ಬೇರೆ ಸದ್ದಿಲ್ಲ. ಗ್ರೂವ್ ಅಡ್ಡಡ್ಡ ಮಾತ್ರ ಅಲುಗುತ್ತೆ. ಮೇಲೆ-ಕೆಳಗೆ ಅಲುಗಾಡಿ ಬರುವ ಸದ್ದೆಲ್ಲ ಬರೀ ಗಲೀಜು. ಎಡ-ಬಲ ಚಾನೆಲ್ ಸೇರಿಸಿ ಮೊನೊ ಮಾಡಿದರೆ ಆ ಮೇಲ್-ಕೆಳ ಸದ್ದು ಒಂದನ್ನೊಂದು ಹೊಡೆದುಹಾಕುತ್ತೆ. ಆಂಪ್ಲಿಫೈಯರ್ ಮುಖದ ಮೇಲೆ ಮೊನೊ ಗುಂಡಿ ಇತ್ತು. ನಾನು ನೋಡಿದೆ. ಆತ ಒತ್ತಲಿಲ್ಲ.

ಈಕ್ವಲೈಸೇಶನ್, ಅಂದ್ರೆ ತಗ್ಗು-ಎತ್ತರದ ಸ್ವರಗಳನ್ನು ಏರಿಸಿ ಇಳಿಸಿ ಸರಿ ಮಾಡೋ ಮಾತಂತೂ ಕೇಳೋದೇ ಬೇಡ. ಸೂಜಿಯ ಸಣ್ಣ ಸದ್ದನ್ನು ಹಿಗ್ಗಿಸುವ ಈಗಿನ ಫೋನೊ ಪ್ರಿಆಂಪ್‌ಗಳು ಹೆಚ್ಚಾಗಿ 1954ರ ಆರ್‌ಐಎಎ ಅನ್ನೋ ಎಲ್‌ಪಿ ಮಾನದಂಡದ ರೇಖೆಗೆ ಮಾಡಿದ್ದು. ಅದು 10 ಕಿಲೋಹರ್ಟ್ಸ್‌ನಲ್ಲಿ ಸುಮಾರು 13.7 ಡೆಸಿಬೆಲ್ ಇಳಿಸುತ್ತೆ, ಯಾಕಂದ್ರೆ ಎಲ್‌ಪಿ ಕೆತ್ತುವಾಗ ಅಷ್ಟು ಏರಿಸಿರ್ತಾರೆ. ಮೂವತ್ತರ ದಶಕದ ಎಚ್‌ಎಂವಿ ಪ್ಲೇಟಿನಲ್ಲಿ ಹಾಗೆ ಏರಿಸೇ ಇರಲಿಲ್ಲ. ಏರಿಸದ್ದನ್ನು ಇಳಿಸಿದ್ರೆ ದನಿಗೆ ಕಂಬಳಿ ಹೊದಿಸಿದ ಹಾಗೆ. ಅದಕ್ಕೇ ಅದು ದೂರದಿಂದ ಕೇಳಿಸಿದ್ದು.

ಯಾರ ದನಿ ಅದು ಗೊತ್ತಾ? ಲೇಬಲ್ ಮೇಲೆ ಗಾಂಧಾರಿ ಅಂತಿದೆ. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಪ್ಲೇಟುಗಳು ಆ ಹೆಸರಿನಲ್ಲೇ ಬಂದದ್ದು. ನಮಗೆಲ್ಲ ಗೊತ್ತಿರೋದು ಅವರ ಗಂಡುದನಿ, ಆ ಗಡಸು. ಅದು ಗಂಟಲಿಗೆ ಚಿಕಿತ್ಸೆ ಆದ ಮೇಲಿನದು. ಅದಕ್ಕೂ ಮೊದಲು ಅವರ ದನಿ ತೆಳು, ಎತ್ತರ, ಎಳೆಯದು. ಆ ದನಿ ಉಳಿದಿರೋದು ಇಂಥ 10 ಇಂಚಿನ ಪ್ಲೇಟುಗಳಲ್ಲಿ, ಬದಿಗೆ ಮೂರು ನಿಮಿಷ. ಡಿಜಿಟಲ್ ಮಾಡಿದ್ದು ಸಿಗುತ್ತೆ, ಸಿಗಲ್ಲ ಅಂತ ಹೇಳ್ತಿಲ್ಲ. ಆದರೆ ಅದನ್ನೂ ಯಾವುದೋ ಪ್ಲೇಟಿನಿಂದಲೇ ತೆಗೆದಿರ್ತಾರಲ್ಲ? ನಾಳೆ ಇನ್ನೂ ಒಳ್ಳೇ ಸೂಜಿಯಲ್ಲಿ ಇನ್ನೂ ಚೆನ್ನಾಗಿ ತೆಗೀಬೇಕು ಅಂದ್ರೆ ಪ್ಲೇಟು ಬೇಕಲ್ಲ? ಧಾರವಾಡದ ಮನೆಗಳ ಅಟ್ಟದಿಂದ, ಮುಂಬಯಿ ಚೋರ್ ಬಜಾರಿನ ಮಟನ್ ಸ್ಟ್ರೀಟಿನ ಗುಡ್ಡೆಗಳಿಂದ ಒಂದೊಂದಾಗಿ ಆರಿಸಿ, ಮುಂಬಯಿ ಮಳೆಗಾಲದ ಬೂಷ್ಟಿನಿಂದ ಕಾಪಾಡಿಟ್ಟದ್ದು ಹತ್ತಿಯ ಉಂಡೆಗೆ ಹೋಯ್ತು.

ಒರಸಿದ ಕೂಲಿ ಪ್ಲೇಟಿಗೆ 150ರಂತೆ 900 ರೂಪಾಯಿ. ಕೊಟ್ಟು ಬಂದೆ. ಹಾಳು ಮಾಡಿದ್ದಕ್ಕೆ ದುಡ್ಡು ಕೊಟ್ಟು ಬಂದೆ. ಎಲ್ಲರೂ ನೋಡ್ತಿದ್ದರು, ಬೇಗ ಹೊರಗೆ ಹೋದರೆ ಸಾಕು ಅನ್ನಿಸಿತ್ತು.

ಯಾರಾದರೂ ಉತ್ತರ ಕೊಡಿ. ತೊಳೆಯೋಕೆ ದುಡ್ಡು ತಗೊಳ್ಳೋರು ಇದು ಯಾತರಿಂದ ಮಾಡಿದ್ದು ಅಂತ ಒಂದು ಮಾತು ಕೇಳಬಾರದಾ? ತಿಳ್ಕೊಳ್ಳೋದು ಕಷ್ಟವೇ ಅಲ್ಲ. ಕೈಯಲ್ಲಿ ಹಿಡಿದ್ರೆ ಭಾರ, ಬಗ್ಗಲ್ಲ, ಅಂಚಿಗೆ ಉಗುರಿನಿಂದ ಮೆಲ್ಲಗೆ ತಟ್ಟಿದ್ರೆ ಪಿಂಗಾಣಿ ತಟ್ಟೆಯ ಹಾಗೆ ಟಣ್ ಅನ್ನುತ್ತೆ. ಚೂರು ಮುಕ್ಕಾಗಿದ್ರೆ ಒಳಗೆ ಸ್ಲೇಟಿನ ಹಾಗೆ ಕಾಣುತ್ತೆ. ಹೊರದೇಶಗಳಲ್ಲಿ ಅರಗು ಬಿಟ್ಟು ಎಷ್ಟೋ ವರ್ಷ ಆದ ಮೇಲೂ ಇಲ್ಲಿ ಕೋಲ್ಕತ್ತದ ಡಮ್‌ಡಮ್ ಕಾರ್ಖಾನೆಯಲ್ಲಿ ಒತ್ತುತ್ತಲೇ ಇದ್ರು, ಅರವತ್ತರ ದಶಕದಲ್ಲಿ ಬೀಟಲ್ಸ್ ಕೂಡ 78ರಲ್ಲಿ ಬಂತು. ಹಾಗಾಗಿ ವರ್ಷ ನೋಡಿ ತೀರ್ಮಾನ ಮಾಡೋದೂ ಬೇಡ, ಪ್ಲೇಟು ನೋಡಿ.

ನಿಮ್ಮ ಹತ್ರ ಇದ್ರೆ ದಯವಿಟ್ಟು ಯಾರಿಗೂ ಕೊಡಬೇಡಿ. ಮನೆಯಲ್ಲೇ ತೊಳೀರಿ. ಒಂದು ಲೀಟರ್ ಡಿಸ್ಟಿಲ್ಡ್ ನೀರು, ಬ್ಯಾಟರಿಗೆ ಹಾಕೋಕೆ ಮಾರ್ತಾರಲ್ಲ ಅದೇ, ಸೀಲ್ ಒಡೆಯದ್ದು. ವಾಸನೆ-ಬಣ್ಣ ಇಲ್ಲದ ಸೌಮ್ಯ ದ್ರವಸೋಪು ನಾಲ್ಕೈದು ಹನಿ, ಹೆಚ್ಚು ಬೇಡ. ಮೊದಲು ಒಣ ಬ್ರಷ್‌ನಲ್ಲಿ ಧೂಳು ತೆಗೀರಿ, ಇಲ್ಲದಿದ್ರೆ ಅದೇ ಒದ್ದೆಯಾಗಿ ಗ್ರೂವಿನೊಳಗೆ ಕೂತುಬಿಡುತ್ತೆ. ಆಮೇಲೆ ಮೆತ್ತನೆ ಕೂದಲಿನ ಬ್ರಷ್ ಅದ್ದಿ ಗ್ರೂವ್ ಓಡುವ ದಿಕ್ಕಿನಲ್ಲೇ ಸುತ್ತಿಸಿ, ಅಡ್ಡ ತಿಕ್ಕಬೇಡಿ. ಲೇಬಲ್ ಒದ್ದೆ ಆಗಬಾರದು. ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ತೊಳೆದು ಎಳೆ ಬಿಡದ ಬಟ್ಟೆಯಿಂದ ಒತ್ತಿ ತೆಗೀರಿ. ನೆನೆಹಾಕಬೇಡಿ, ಒಳಗಿನ ಹತ್ತಿ ಎಳೆ ನೀರು ಕುಡಿದು ಉಬ್ಬುತ್ತೆ. ಬಿರುಕು ಇದ್ರಂತೂ ನೀರೇ ಮುಟ್ಟಿಸಬೇಡಿ. ತಟ್ಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನೆರಳಲ್ಲಿ ಒಣಗಿಸಿ. ಬಿಸಿಲು ಬೇಡ, ಹೇರ್ ಡ್ರೈಯರ್ ಬೇಡ, ಅರಗು ಬಿಸಿಗೆ ಮೆತ್ತಗಾಗಿ ಡೊಂಕಾಗುತ್ತೆ. ಗಾಜು ಒರೆಸುವ ನೀಲಿ ದ್ರಾವಣವೂ ಬೇಡ, ಅಮೋನಿಯಾ ಇರೋದೂ ಅರಗನ್ನು ತಿನ್ನುತ್ತೆ. ನಲ್ಲಿ ನೀರು ಕೊನೆಯ ಸುತ್ತಿಗಂತೂ ಬೇಡವೇ ಬೇಡ, ಆರಿದ ಮೇಲೆ ಬಿಳಿ ಕಲೆ ಉಳಿಯುತ್ತೆ.

ಇಷ್ಟೇ. ಇಷ್ಟೇ ಇರೋದು. ಅಂಗಡಿಯವರು ತೊಳೆಯೋ ಯಂತ್ರ ಇದೆ, ನಿರ್ವಾತದಿಂದ ನೀರು ಎಳೆಯುತ್ತೆ, ಹೊಸ ಪ್ಲೇಟಿನ ಹಾಗೆ ಆಗುತ್ತೆ ಅಂದರು, ನಂಬಿ ಕೊಟ್ಟೆ. ಯಂತ್ರ ಮೂಲೆಯಲ್ಲಿ ಹೊದಿಕೆ ಹಾಕಿಕೊಂಡು ಕೂತಿತ್ತು.

ಮತ್ತೆ ಆ ಕಡೆ ತಲೆ ಹಾಕಲ್ಲ. ಜಗಳ ಆಡಿ ಏನು ಬಂತು, ಕರಗಿದ ಗೋಡೆ ಎದ್ದು ನಿಲ್ಲುತ್ತಾ? ದುಡ್ಡು ವಾಪಸ್ ಕೊಟ್ರೂ ಏನು ಮಾಡ್ಲಿ? ಮನೆಗೆ ಬಂದು ಸರಿಯಾದ ಸೂಜಿ, 5 ಗ್ರಾಂ, ಮೊನೊ, ಎಲ್ಲ ಸರಿ ಮಾಡಿ ಎರಡು ಹಾಕಿ ನೋಡಿದೆ. ಮೊದಲನೆಯದರಲ್ಲಿ ಆಲಾಪದ ಎರಡು ಸುತ್ತು ಕೇಳಿತು, ತಾನ್ ಶುರುವಾದ ಕೂಡಲೇ ಬರೀ ಸುಯ್ ಅನ್ನೋ ಸದ್ದು. ಎರಡನೆಯದನ್ನು ಅರ್ಧಕ್ಕೇ ಎತ್ತಿದೆ. ಉಳಿದ ನಾಲ್ಕಕ್ಕೆ ಕೈ ಹೋಗ್ತಿಲ್ಲ. ಮೇಲ್ಮೈ ಗೋಡೆ ಹೋಗಿದ್ರೆ ಅದಕ್ಕಿಂತ ಕೆಳಗಿನ ಭಾಗ ಉಳಿದಿರಬಹುದು, 2.5 ಮಿಲ್ ಅಥವಾ ಇನ್ನೂ ಸಣ್ಣ ಸೂಜಿ ಕೆಳಗೆ ಕೂತು ಓದಬಹುದು ಅನ್ನೋ ಒಂದು ಆಸೆ. ಮುಂಬಯಿ, ಪುಣೆಯಲ್ಲಿ ಯಾರ ಹತ್ರವಾದರೂ ಬೇರೆ ಬೇರೆ ಅಳತೆಯ ಸೂಜಿಗಳಿದ್ರೆ ಹೇಳಿ. ಎಲ್ಲಿಗಾದರೂ ತರ್ತೀನಿ.

ಹೋಗಲ್ಲ ಅಂದೆ. ನಾಳೆ ಹೋಗ್ತೀನಿ. ಆ ಬಾಟಲಿಯ ಫೋಟೋ ಬೇಕು. ಐಸೊಪ್ರೊಪೈಲ್ ಆಗಿದ್ರೆ ಅರಗು ನಿಧಾನವಾಗಿ ಕರಗುತ್ತೆ, ಬಡಗಿಗಳ ಮೆಥಿಲೇಟೆಡ್ ಸ್ಪಿರಿಟ್ ಆಗಿದ್ರೆ ಬೇಗ. ಯಾವುದು, ಶೇಕಡಾ ಎಷ್ಟು ಅಂತ ಗೊತ್ತಾದ್ರೆ ಉಳಿದ ನಾಲ್ಕರಲ್ಲಿ ಏನಾದ್ರೂ ಉಳಿದಿರಬಹುದಾ ಅಂತ ಗೊತ್ತಾಗುತ್ತೆ. ಅಂಗಡಿ ತೆಗೆಯೋದು ಹನ್ನೊಂದಕ್ಕೆ.