ಮಿಕ್ಸಿ ಅಲ್ಲ, ಕಾರು

ಬೆಳಿಗ್ಗೆ ಏಳಕ್ಕೆ ಕಾಲು ಗಂಟೆ ಇರುವಾಗ ಅಕ್ಕ ಅಡುಗೆಮನೆಗೆ ಓಡಿಹೋಗಿ ಮಿಕ್ಸಿಯ ಸ್ವಿಚ್ ಆಫ್ ಮಾಡಿದಳು. ಮಿಕ್ಸಿ ಆಗಲೇ ಆಫ್ ಆಗಿತ್ತು. ಜಾರು ತೊಳೆದು ಬೋರಲು ಹಾಕಿತ್ತು. ಆದರೂ ‘ಗುಂಯ್...’ ಅನ್ನುವ ಸದ್ದು ನಿಲ್ಲಲಿಲ್ಲ. ಪಕ್ಕದ ಮನೆಯವರದ್ದೇನೋ ಎಂದು ಕಿಟಕಿಯಿಂದ ಬಗ್ಗಿ ನೋಡಿದಳು. ಗೇಟಿನ ಹತ್ತಿರ ಭಾವ ಕಾರಿನ ಹಿಂಬದಿಯ ಮುಚ್ಚಳ ಎತ್ತಿಕೊಂಡು, ಎಂಜಿನ್ನಿನ ವೇಗ ಏರಿಸುವ ಕಾರ್ಬುರೇಟರಿನ ಕಡ್ಡಿಯನ್ನು ತೋರುಬೆರಳಲ್ಲಿ ಎಳೆಯುತ್ತಾ ನಿಂತಿದ್ದರು. ಮುಖದ ತುಂಬ ನಗು.

‘ರೀ, ಏನೋ ಸವೆದಿದೆ ನೋಡಿ!’ ಎಂದಳು ಅಕ್ಕ.

‘ಸವೆದಿಲ್ಲ ಕಣೇ, ಹೊಸದು. ದುಡ್ಡು ಕೊಟ್ಟು ಹಾಕಿಸಿದ್ದು’ ಎಂದರು ಭಾವ.

ಕಾರು ಫೋಕ್ಸ್‌ವ್ಯಾಗನ್ ಬೀಟಲ್. ಆಮೆಯಂಥ ಬೆನ್ನು, ಹಿಂದೆ ಎಂಜಿನ್, ಮುಂದೆ ಡಿಕ್ಕಿ. ಇದಕ್ಕೆ ನೀರು ಹಾಕುವ ಗೊಡವೆಯೇ ಇಲ್ಲ. ರೇಡಿಯೇಟರ್ ಇದ್ದರೆ ತಾನೇ ನೀರು? ಡೈನಮೋದ ಶಾಫ್ಟಿಗೇ ಒಂದು ಫ್ಯಾನ್ ಸಿಕ್ಕಿಸಿದ್ದಾರೆ, ಅದರ ಗಾಳಿಯಲ್ಲೇ ಎಂಜಿನ್ ತಣ್ಣಗಾಗಬೇಕು. ಜರ್ಮನಿಯಲ್ಲಿ ಹುಟ್ಟಿದ ಈ ಕಾರಿನ ಕೊನೆಯದು 2003ರ ಜುಲೈ 30ರಂದು ಮೆಕ್ಸಿಕೋದ ಪ್ಯೂಬ್ಲಾ ಕಾರ್ಖಾನೆಯಿಂದ ಹೊರಬಂತು. ಅಷ್ಟರೊಳಗೆ 2 ಕೋಟಿ 15 ಲಕ್ಷ ದಾಟಿತ್ತು ಲೆಕ್ಕ. ಅದರಲ್ಲೊಂದು ಯಾರ ಯಾರ ಕೈ ದಾಟಿಯೋ ನಮ್ಮ ಭಾವನ ಪಾಲಿಗೆ ಬಂದಿದೆ. ನಿವೃತ್ತಿಯಾದ ಮೇಲೆ ಕೆಲವರು ಕಾಶಿಗೆ ಹೋಗುತ್ತಾರೆ, ಭಾವ ಗ್ಯಾರೇಜಿಗೆ ಹೋಗುತ್ತಾರೆ.

ಹಾಕಿಸಿದ್ದು ಏನು ಅಂದರೆ, ಟೈಮಿಂಗ್ ಗೇರ್. ಎಂಜಿನ್ನಿನ ಹೊಟ್ಟೆಯೊಳಗೆ ಎರಡು ಚಕ್ರ. ಚಿಕ್ಕದು ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿಗೆ, ದೊಡ್ಡದು ಅದರ ಕೆಳಗಿರುವ, ವಾಲ್ವುಗಳನ್ನು ಆಡಿಸುವ ಕ್ಯಾಮ್‌ಶಾಫ್ಟಿಗೆ. ಚಿಕ್ಕದು ಎರಡು ಸುತ್ತು ಹಾಕುವಷ್ಟರಲ್ಲಿ ದೊಡ್ಡದು ಒಂದು ಸುತ್ತು. ವಾಲ್ವ್ ಅಂದರೆ ಪೆಟ್ರೋಲು-ಗಾಳಿ ಒಳಬರುವ, ಹೊಗೆ ಹೊರಹೋಗುವ ಬಾಗಿಲು. ಅದನ್ನು ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಅನ್ನುವುದೆಲ್ಲ ಈ ಎರಡರ ಒಪ್ಪಂದ. ತುಂಬ ಕಾರುಗಳಲ್ಲಿ ಈ ಕೆಲಸಕ್ಕೆ ಚೈನೋ ಬೆಲ್ಟೋ ಇರುತ್ತದೆ. ಬೀಟಲ್‌ನಲ್ಲಿ ಮಧ್ಯವರ್ತಿ ಇಲ್ಲ, ಹಲ್ಲಿಗೆ ಹಲ್ಲು. ಕಂಪನಿಯಿಂದ ಬರುವಾಗ ಆ ಹಲ್ಲುಗಳು ಓರೆ ಇರುತ್ತವೆ. ಭಾವ ಹಾಕಿಸಿದ್ದು ನೇರ ಹಲ್ಲಿನವು.

ಓರೆಗೂ ನೇರಕ್ಕೂ ಏನು ವ್ಯತ್ಯಾಸ? ಮಲಗಿದ ಮಗು ಇರುವ ಕೋಣೆಯಲ್ಲಿ ನಡೆದು ನೋಡಿ. ಹಿಮ್ಮಡಿ ಮೊದಲು ಊರಿ, ಆಮೇಲೆ ಪಾದದ ಅಂಚು, ಆಮೇಲೆ ಬೆರಳು. ಓರೆ ಹಲ್ಲು ಮಾಡುವುದು ಅದನ್ನೇ. ಒಂದು ತುದಿಯಲ್ಲಿ ತಗುಲಿ ಮೆಲ್ಲಗೆ ಇನ್ನೊಂದು ತುದಿಗೆ ಜಾರುತ್ತದೆ. ಮೊದಲ ಹಲ್ಲು ಬಿಡುವ ಮೊದಲೇ ಮುಂದಿನ ಹಲ್ಲು ಭಾರ ಹೊತ್ತಿರುತ್ತದೆ. ನೇರ ಹಲ್ಲಿಗೆ ಈ ನಾಜೂಕು ಗೊತ್ತಿಲ್ಲ. ಇಡೀ ಅಗಲ ಒಂದೇ ಸಲ ಬಂದು ಕೂರುತ್ತದೆ. ಚಪ್ಪಟೆ ಪಾದದಲ್ಲಿ ದಪ್ ದಪ್ ಅಂತ ನಡೆದ ಹಾಗೆ. ಮಗು ಏಳುತ್ತದೆ.

ಕಬ್ಬಿನ ಹಾಲಿನ ಅಂಗಡಿಯಲ್ಲಿ ನಿಂತವರಿಗೆ ಈ ಹಲ್ಲು ಹೊಸದೇನಲ್ಲ. ಗಾಣದ ಪಕ್ಕದಲ್ಲಿ ಎರಕದ ಕಬ್ಬಿಣದ ದಪ್ಪ ಚಕ್ರಗಳು, ಗ್ರೀಸು ಮೆತ್ತಿಕೊಂಡು ಕರ್ರಗಾಗಿರುತ್ತವೆ. ಹಲ್ಲು ನೇರ, ಹೆಬ್ಬೆರಳಷ್ಟು ದಪ್ಪ. ಅಂಗಡಿಯವನು ಕಬ್ಬನ್ನು ಮಡಚಿ ನಿಂಬೆಹೋಳು, ಶುಂಠಿ ಸೇರಿಸಿ ಮತ್ತೆ ತುರುಕಿದಾಗ ಗಾಣ ಒಂದು ಕ್ಷಣ ಮುಕ್ಕಿರಿಯುತ್ತದೆ. ಆಗ ಕೇಳಬೇಕು. ಕಟ್, ಕಟ್, ಕಟ್. ಒಂದೊಂದು ಹಲ್ಲು ಬಂದು ಕೂರುವುದನ್ನು ಎಣಿಸಬಹುದು. ಗಾಣಕ್ಕೆ ಗೆಜ್ಜೆ ಕಟ್ಟುವುದು ಗಿರಾಕಿಗಳನ್ನು ಕರೆಯಲು ಅಂತಾರೆ. ಈ ಕಟಕಟವನ್ನು ಮುಚ್ಚಲು ಅಂತ ನನಗೆ ಸುಮ್ನೆ ಒಂದು ಅನುಮಾನ.

ಅದೇ ಕಟಕಟ ಜೋರಾಗಿ ಓಡಿದರೆ ಎಣಿಕೆ ತಪ್ಪುತ್ತದೆ, ಸ್ವರವಾಗುತ್ತದೆ. 24 ಹಲ್ಲಿನ ಚಕ್ರ ಒಂದನ್ನು ಇಟ್ಟುಕೊಳ್ಳಿ. ನಿಮಿಷಕ್ಕೆ 1500 ಸುತ್ತು ಅಂದರೆ ಸೆಕೆಂಡಿಗೆ 25 ಸುತ್ತು, 600 ಹಲ್ಲು. ಸೆಕೆಂಡಿಗೆ 600 ಸಲ ಏನು ತಟ್ಟಿದರೂ ಕಿವಿಗೆ ಅದು ಪೆಟ್ಟಲ್ಲ, ನಾದ. 3000 ಸುತ್ತಿಗೆ ಏರಿಸಿ, 1200 ಆಯಿತು. ಸರಿಯಾಗಿ ಎರಡರಷ್ಟು. ಸಂಗೀತ ಕಲಿತವರು ಕೇಳಿದರೆ ಮಧ್ಯಸ್ಥಾಯಿಯ ಷಡ್ಜದಿಂದ ತಾರಸ್ಥಾಯಿಯ ಷಡ್ಜಕ್ಕೆ ಜಾರಿತು ಅಂತಾರೆ. ಅಕ್ಕನಿಗೆ ಮಿಕ್ಸಿ ಅನ್ನಿಸಿದ್ದು ಈ ಜಾರಿಕೆ.

ಮನೆಯ ಕಾರಿನಲ್ಲೂ ಇದನ್ನು ಕೇಳಬಹುದು. ಹಳೇ ಗೇರಿನ ಕಾರನ್ನು ಹಿಂದಕ್ಕೆ ತೆಗೆಯುವಾಗ ‘ಊಂ...’ ಅಂತ ಕುಯ್ಯುಗುಟ್ಟುತ್ತದಲ್ಲ, ಅದು ರಿವರ್ಸ್ ಗೇರಿನ ನೇರ ಹಲ್ಲು. ಮುಂದೆ ಹೋಗುವ ಗೇರುಗಳಿಗೆಲ್ಲ ಓರೆ ಹಲ್ಲು ಕೊಟ್ಟು, ದಿನಕ್ಕೆ ನಾಲ್ಕು ಸಲ ಬಳಸುವ ರಿವರ್ಸಿಗೆ ಯಾಕೆ ಅಷ್ಟು ಮುದ್ದು ಅಂತ ನೇರ ಹಲ್ಲು ಕೊಟ್ಟುಬಿಡುತ್ತಾರೆ. ಪಕ್ಕದಿಂದ ತಳ್ಳಿ ಸೇರಿಸಲೂ ಅದು ಸಲೀಸು. ಆದರೆ ನಮ್ಮೂರಲ್ಲಿ ಆ ಸ್ವರ ಕೇಳಿದವರು ಕಡಿಮೆ, ಅದರ ಮೇಲೆ ರಿವರ್ಸ್ ಹಾರ್ನ್ ಹಾಡುತ್ತಿರುತ್ತದೆ.

ಹಾಗಾದರೆ ಮುಂದಕ್ಕೆ ಹೋಗುವ ಕಾರಿನಲ್ಲಿ, ಅದೂ ಎಂಜಿನ್ನಿನ ಒಳಗೇ, ದುಡ್ಡು ಕೊಟ್ಟು ಈ ಗದ್ದಲ ಯಾಕೆ? ಭಾವನನ್ನು ಕೇಳಿದೆ. ಅವರ ಹತ್ತಿರ ಉತ್ತರ ರೆಡಿ ಇತ್ತು. ಇಂಥದ್ದನ್ನೆಲ್ಲ ಹಾಕಿ ಓಡಿಸಿದವರು ಕ್ಯಾಲಿಫೋರ್ನಿಯಾದ ರೇಸಿನವರು. 1960ರ ದಶಕದಲ್ಲಿ ಅವರು ಬೀಟಲ್ ತಂದು ಡ್ರ್ಯಾಗ್ ರೇಸಿಗೆ, ಅಂದರೆ ಕಾಲು ಮೈಲಿಯ ನೇರ ಓಟಕ್ಕೆ, ನಿಲ್ಲಿಸಿದರು. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಬರೇ 25 ಕುದುರೆ ಶಕ್ತಿಯ ಕಾರಾಗಿದ್ದು ಇದು! ಜೋರಾಗಿ ತಿರುಗಿಸಬೇಕಾದರೆ ವಾಲ್ವಿಗೆ ಗಟ್ಟಿ ಸ್ಪ್ರಿಂಗ್ ಬೇಕು. ಸ್ಪ್ರಿಂಗ್ ಗಟ್ಟಿಯಾದರೆ ಗೇರಿನ ಮೇಲೆ ಭಾರ ಜಾಸ್ತಿ. ಓರೆ ಹಲ್ಲಿನ ಗುಣ ಏನೆಂದರೆ, ತಿರುಗಿಸುವುದರ ಜೊತೆಗೆ ಪಕ್ಕಕ್ಕೂ ತಳ್ಳುತ್ತದೆ. ಕ್ಯಾಮ್‌ಶಾಫ್ಟ್ ಉದ್ದಕ್ಕೆ ಸರಿದು ಬೇರಿಂಗಿನ ಅಂಚನ್ನು ಒತ್ತುತ್ತದೆ. ನೇರ ಹಲ್ಲಿಗೆ ಆ ಚಟ ಇಲ್ಲ.

ಬಸ್ಸಿನ ಸೀಟಿನಲ್ಲಿ ಇಂಥವರನ್ನು ನೋಡಿದ್ದೇನೆ. ಸದ್ದಿಲ್ಲ, ಜಗಳವಿಲ್ಲ, ಮುಗುಳ್ನಗೆ. ಇಳಿಯುವ ಹೊತ್ತಿಗೆ ನೋಡಿದರೆ ನಾವು ಅರ್ಧ ಸೀಟಿನ ಹೊರಗೆ.

ಈ ತಳ್ಳಾಟಕ್ಕೂ ಮದ್ದು ಕಂಡುಕೊಂಡವರಿದ್ದಾರೆ. ಬಲಕ್ಕೆ ಓರೆ ಮತ್ತು ಎಡಕ್ಕೆ ಓರೆ ಎರಡನ್ನೂ ಒಂದೇ ಚಕ್ರದಲ್ಲಿ ಸೇರಿಸಿದರೆ ಹಲ್ಲು ಬಾಣದ ತುದಿಯ ಹಾಗೆ ಆಗುತ್ತದೆ. ಒಂದು ಅರ್ಧ ಆ ಕಡೆ ತಳ್ಳಿದರೆ ಇನ್ನೊಂದು ಅರ್ಧ ಈ ಕಡೆ, ಲೆಕ್ಕ ಚುಕ್ತಾ. ಆಂದ್ರೆ ಸಿಟ್ರೊಯೆನ್ ಅಂಥ ಗೇರನ್ನು ಪೋಲೆಂಡಿನಲ್ಲಿ ಕಂಡು, ತಾನೇ ಮಾಡಿ ಮಾರಿ, ಆಮೇಲೆ ಕಾರು ತಯಾರಿಸಲು ಹೊರಟಾಗ ಅದನ್ನೇ ಗುರುತಾಗಿ ಇಟ್ಟುಕೊಂಡ. ಈಗ ನಮ್ಮ ರಸ್ತೆಗಳಲ್ಲೂ ಕಾಣುವ ಸಿಟ್ರೊಯೆನ್ ಕಾರಿನ ಮೂಗಿನ ಮೇಲೆ ಎರಡು ಮಡಿಕೆ ಇವೆಯಲ್ಲ, ಅವು ಗೇರಿನ ಹಲ್ಲು. ನಾನು ಅದನ್ನು ಪೊಲೀಸರ ತೋಳಪಟ್ಟಿ ಅಂದುಕೊಂಡಿದ್ದೆ.

ಸರಿ, ರೇಸಿನವರಿಗೆ ಕಾರಣ ಇತ್ತು. ಭಾವ ಗಾಡಿ ಓಡಿಸುವುದು ತರಕಾರಿಗೆ, ಭಾನುವಾರ ದೇವಸ್ಥಾನಕ್ಕೆ. ಸ್ಪೀಡು ನಲವತ್ತು ದಾಟಿದರೆ ಅಕ್ಕ ಸೆರಗು ಬಿಗಿಹಿಡಿಯುತ್ತಾಳೆ. ಮತ್ತೆ ಮತ್ತೆ ಕೆದಕಿದ ಮೇಲೆ ನಿಜ ಬಿಟ್ಟರು. ‘ಸದ್ದು ಚೆನ್ನಾಗಿದೆ ಅಂತ ಹಾಕಿಸಿದೆ ಕಣೋ.’

ಸುಲಭದ ಕೆಲಸವೂ ಅಲ್ಲ ಅದು. ನಾಲ್ಕು ಬೋಲ್ಟ್ ಬಿಚ್ಚಿದರೆ ಬೀಟಲ್‌ನ ಎಂಜಿನ್ ಕೆಳಗಿಳಿಯುತ್ತದೆ, ಅದೇನೋ ಸಲೀಸು. ಆದರೆ ಟೈಮಿಂಗ್ ಗೇರ್ ಬೇಕಾದರೆ ಎಂಜಿನ್ನಿನ ಒಡಲನ್ನೇ ಹಲಸಿನಹಣ್ಣಿನ ಹಾಗೆ ಎರಡು ಹೋಳು ಮಾಡಬೇಕು. ಅವತ್ತು ನಾನೂ ಗ್ಯಾರೇಜಿನಲ್ಲಿದ್ದೆ. ಮೇಸ್ತ್ರಿ ಹೊಸ ಉಕ್ಕಿನ ಗೇರನ್ನು ಎಣ್ಣೆಯಲ್ಲಿ ಬಿಸಿಮಾಡಿ, ಇಕ್ಕಳದಲ್ಲಿ ಎತ್ತಿ, ಶಾಫ್ಟಿಗೆ ಇಳಿಸಿದ. ಬೋಂಡಾ ಕರಿದ ಹಾಗೇ. ತಡಮಾಡಿದರೆ ಆರಿ ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಗುರುತು ಸೇರಿಸುವುದು. ಚಿಕ್ಕ ಚಕ್ರದ ಎರಡು ಚುಕ್ಕಿಗಳ ನಡುವೆ ದೊಡ್ಡ ಚಕ್ರದ ಗುರುತಿನ ಹಲ್ಲು ಕೂರಬೇಕು. ಒಂದು ಹಲ್ಲು ಆಚೀಚೆಯಾದರೆ ವಾಲ್ವಿನ ವೇಳಾಪಟ್ಟಿಯೇ ತಲೆಕೆಳಗು. ಮೇಸ್ತ್ರಿ ಕನ್ನಡಕ ಹಣೆಗೇರಿಸಿ, ಕಣ್ಣು ಕಿರಿದು ಮಾಡಿ, ಬೆರಳಿಂದ ಮೂರು ಸಲ ಮುಟ್ಟಿ ನೋಡಿದ. ಎರಡು ಹಲ್ಲುಗಳ ನಡುವಿನ ಸಡಿಲ ಹೆಚ್ಚೆಂದರೆ 0.05 ಮಿಲಿಮೀಟರ್ ಇರಬೇಕು. ಅಂದರೆ ಹೆಚ್ಚುಕಡಿಮೆ ಒಂದು ತಲೆಗೂದಲು.

ಅವನಿಗೆ ಈ ಗೇರು ಇಷ್ಟವಿರಲಿಲ್ಲ. ಎಂಜಿನ್ ಕೂರಿಸಿ ಸ್ಟಾರ್ಟ್ ಮಾಡಿದ ಮೇಲೆ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ಮೊನೆಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡ. ಡಾಕ್ಟರ ಸ್ಟೆತಸ್ಕೋಪ್ ಥರ. ಸ್ವಲ್ಪ ಹೊತ್ತು ಕೇಳಿ ತಲೆ ಅಲ್ಲಾಡಿಸಿದ. ‘ಇದೊಂದೇ ಕೇಳ್ತದೆ ಸಾರ್. ಟ್ಯಾಪೆಟ್ ಕೇಳಲ್ಲ, ಬೇರಿಂಗ್ ಕೇಳಲ್ಲ. ನಾಳೆ ಒಳಗೆ ಏನಾದ್ರೂ ಆದ್ರೆ ನಂಗೆ ಹೆಂಗೆ ಗೊತ್ತಾಗ್ಬೇಕು?’

ನನಗೆ ಅವನ ಮಾತು ಸರಿ ಅನ್ನಿಸಿತು. ಗಾಳಿಯಲ್ಲಿ ತಣ್ಣಗಾಗುವ ಎಂಜಿನ್ನು ಮೊದಲೇ ಬಾಯಿಬಡುಕ. ನೀರಿನ ಎಂಜಿನ್ನಿಗೆ ಸುತ್ತಲೂ ನೀರಿನ ಕಂಬಳಿ ಇರುತ್ತದೆ, ಅರ್ಧ ಸದ್ದು ಅಲ್ಲೇ ಮುಳುಗುತ್ತದೆ. ಇದಕ್ಕೆ ಕಂಬಳಿ ಇಲ್ಲ. ಬಿಸಿ ಬಿಡಲೆಂದು ಮೈಮೇಲೆ ಇರುವ ತೆಳ್ಳಗಿನ ಲೋಹದ ರೆಕ್ಕೆಗಳು ತಾವೇ ಕಂಚಿನ ಹಾಗೆ ಮಿಡಿಯುತ್ತವೆ. ಒಳಗಿನ ಪ್ರತಿ ತಕರಾರೂ ಬೀದಿಗೆ ಕೇಳುತ್ತದೆ. ಹಾಗೆ ಕೇಳುವುದರಿಂದಲೇ ಮೇಸ್ತ್ರಿಗೆ ರೋಗ ತಿಳಿಯುವುದು. ಅದರ ಮೇಲೆ ಒಂದು ನಾಗಸ್ವರ ಊದಿಸಿಬಿಟ್ಟರೆ ನಾಡಿ ಹಿಡಿಯುವುದು ಹೇಗೆ? ಭಾವನಿಗೆ ಹೇಳಿದೆ. ಅವರು ‘ಕೇಳು ಕೇಳು, ಈಗ ಏರ್ತದೆ’ ಎಂದರು. ಕೇಳಿದೆ. ಏರಿತು. ಅಲ್ಲಿಗೆ ನನ್ನ ವಾದ ಮುಗಿಯಿತು. ಹೇಳಲು ನಾಚಿಕೆ, ನನಗೂ ಚೆನ್ನಾಗಿಯೇ ಕೇಳಿಸಿತು.

ಅಕ್ಕನನ್ನು ಒಪ್ಪಿಸುವುದು ಮಾತ್ರ ಆಗಲಿಲ್ಲ. ಅವಳು ಮೂವತ್ತು ವರ್ಷದಿಂದ ಬೀದಿಯ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಾಳೆ. ಮೊನ್ನೆ ನಾನು ಹೋದಾಗ ಭಾವ ಎಂದಿನಂತೆ ಮುಚ್ಚಳ ಎತ್ತಿ ಕಡ್ಡಿ ಎಳೆಯುತ್ತಿದ್ದರು. ಅಕ್ಕ ಸೊಪ್ಪು ಬಿಡಿಸುತ್ತಾ ಜಗಲಿಯ ಮೇಲೆ ಕೂತಿದ್ದಳು. ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ, ‘ಹಾಂ, ಅಲ್ಲೇ ನಿಲ್ಲಿಸಿ’ ಎಂದಳು. ಭಾವ ಗಾಬರಿಯಾಗಿ ಎಂಜಿನ್ ಆಫ್ ಮಾಡಲು ಹೋದರು.

‘ಆಫ್ ಮಾಡ್ಬೇಡಿ. ಅಲ್ಲೇ ಹಿಡೀರಿ ಅಂದೆ. ನಾಲ್ಕು ಮನೆ ಶ್ರುತಿಗೆ ಹತ್ರ ಹತ್ರ ಇದೆ. ಒಂದು ಚೂರು ಮೇಲೆ. ಸಾಕು ಸಾಕು, ಜಾಸ್ತಿ ಆಯ್ತು.’

ಭಾವನ ಬೆರಳು ನಡುಗುತ್ತಿತ್ತು. ಕಡ್ಡಿ ಅಲ್ಲಾಡಿದಷ್ಟೂ ಸ್ವರ ಅಲ್ಲಾಡಿತು. ಅಕ್ಕ ಸೊಪ್ಪಿನ ಮೊರವನ್ನು ಪಕ್ಕಕ್ಕಿಟ್ಟು, ತೊಡೆಯ ಮೇಲೆ ಮೆಲ್ಲಗೆ ಒಂದು ಏಟು ಹಾಕಿ, ‘ಸಾ...’ ಎಂದು ತೆಗೆದಳು. ಎರಡು ಕ್ಷಣ ಕೂಡಿತು. ಆಮೇಲೆ ಎಂಜಿನ್ ಕೆಮ್ಮಿತು.

‘ನಿಮಗೆ ಶ್ರುತಿ ನಿಲ್ಲಲ್ಲ ಬಿಡಿ’ ಎಂದು ಅವಳು ಮೊರ ಎತ್ತಿಕೊಂಡಳು. ಭಾವ ಅಂಗಿಗೆ ಕೈ ಒರೆಸಿಕೊಂಡು, ಇನ್ನೊಮ್ಮೆ ಕಡ್ಡಿ ಹಿಡಿದರು.