ಗಂಡು ಬಂದಿದೆಯೋ, ಹೆಣ್ಣು ಬಂದಿದೆಯೋ?

2020ರಲ್ಲಿ ನಮ್ಮೂರ ಗ್ರಾಮ ಪಂಚಾಯ್ತಿ ಚುನಾವಣೆಗೆ ಮೀಸಲಾತಿ ಪಟ್ಟಿ ಬಂದಿತ್ತು. ಬೆಳಗ್ಗೆ ಡೇರಿಗೆ ಹಾಲು ಹಾಕಲು ಹೋಗಿದ್ದೆ. ಕ್ಯಾನು ಕೆಳಗಿಡುವ ಮೊದಲೇ ಹಿಂದಿನಿಂದ ಪುಟ್ಟಮ್ಮಜ್ಜಿ ಕೂಗಿದಳು. "ಏನವ್ವ, ನಮ್ ವಾರ್ಡಿಗೆ ಯಾವ್ದು ಬಂದದೆ? ಗಂಡೋ, ಹೆಣ್ಣೋ?"

ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತವರು ಕೇಳುವ ಪ್ರಶ್ನೆ ಥರಾನೇ ಇದೆ ಅಲ್ವಾ? ನಮ್ಮ ಕಡೆ ಇದು ಯಾರಿಗೂ ವಿಚಿತ್ರ ಅನಿಸುವುದಿಲ್ಲ.

ಪಟ್ಟಿಯಲ್ಲಿ ಹಾಗೆ ಬರೆದಿರುವುದಿಲ್ಲ. ಅಲ್ಲಿರುವುದು 'ಸಾಮಾನ್ಯ' ಮತ್ತು 'ಸಾಮಾನ್ಯ ಮಹಿಳೆ'. ಸಾಮಾನ್ಯ ಅಂದರೆ ಯಾರು ಬೇಕಾದರೂ ನಿಲ್ಲಬಹುದು. ಕಾನೂನು ಹೇಳುವುದು ಅಷ್ಟೇ. ಆದರೆ ಜನರ ಬಾಯಲ್ಲಿ ಅದು 'ಜನರಲ್ ಗಂಡು', 'ಜನರಲ್ ಹೆಣ್ಣು'. ಎಸ್‌ಸಿ ಸೀಟಿಗೂ ಹಾಗೇ, ಹಿಂದುಳಿದ ವರ್ಗದ (ಬಿಸಿಎಂ) ಸೀಟಿಗೂ ಹಾಗೇ. ಯಾವ ಗೆಜೆಟ್ಟಿನಲ್ಲೂ ಇಲ್ಲದ 'ಗಂಡು ಮೀಸಲಾತಿ'ಯೊಂದನ್ನು ನಾವೇ ಮಾಡಿಕೊಂಡು ಕೂತಿದ್ದೇವೆ. ವಿಧಾನಸಭೆ, ಪಾರ್ಲಿಮೆಂಟಿನ ಹೆಣ್ಣುಮಕ್ಕಳ ಲೆಕ್ಕ ನೋಡಿದಾಗೆಲ್ಲ ನನಗೆ ಪುಟ್ಟಮ್ಮಜ್ಜಿಯ ಆ ಪ್ರಶ್ನೆಯೇ ನೆನಪಾಗುತ್ತದೆ.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. 2015ರಲ್ಲಿ ನಮ್ಮ ವಾರ್ಡಿಗೆ ಸಾಮಾನ್ಯ ಮಹಿಳೆ ಬಂತು. ನಾಲ್ಕು ಜನ ಮುಖಂಡರು ಮನೆಗೆ ಬಂದರು. ಜಗಲಿಯಲ್ಲಿ ಕೂತು ನಮ್ಮ ಯಜಮಾನರ ಹತ್ತಿರ ಮಾತಾಡಿದರು. ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಲೋಟ ಹಿಡಿದು ಹೊರಗೆ ಬರುವಷ್ಟರಲ್ಲಿ ನಾನು ಅಭ್ಯರ್ಥಿಯಾಗಿದ್ದೆ! ಪಾಂಪ್ಲೆಟ್‌ನಲ್ಲಿ ಕೈ ಮುಗಿದುಕೊಂಡ ನನ್ನ ಫೋಟೊ ಒಂದು ಮೂಲೆಯಲ್ಲಿ, ಅವರದ್ದು ಅದರ ಎರಡರಷ್ಟು.

ಗೆದ್ದೆ. ಮೊದಲ ಒಂದು ವರ್ಷ ಸಭೆಗೆ ಹೋಗಿದ್ದೇ ಕಮ್ಮಿ. ಸಭೆಯ ನಡಾವಳಿ ಪುಸ್ತಕ ಮನೆಗೇ ಬರುತ್ತಿತ್ತು. ಪೆನ್ನು ಇಟ್ಟ ಜಾಗದಲ್ಲಿ ಸೈನ್ ಹಾಕುವುದು, ಅಷ್ಟೇ ಕೆಲಸ. ಒಂದು ದಿನ ಒಲೆ ಮೇಲೆ ಮುದ್ದೆಗೆ ಎಸರಿಟ್ಟು, ಅದು ಕಾಯುವವರೆಗೆ ಸುಮ್ನೆ ಹಿಂದಿನ ಹಾಳೆಗಳನ್ನು ತಿರುವಿದೆ. ನಮ್ಮ ಬೀದಿಯ ಬೋರ್‌ವೆಲ್ ಮೋಟರಿಗೆ ಎರಡು ತಿಂಗಳಲ್ಲಿ ಮೂರು ಸಲ ರೀವೈಂಡಿಂಗ್ ಬಿಲ್ಲು. ಆ ಮೋಟರ್ ಸುಟ್ಟಿದ್ದು ಒಂದೇ ಸಲ. ನನಗೆ ಗೊತ್ತು, ಯಾಕೆಂದರೆ ಆ ವಾರ ಮೂರು ಬೀದಿ ಆಚೆಯಿಂದ ನೀರು ಹೊತ್ತವಳು ನಾನು. ಪುಸ್ತಕ ತಂದವರನ್ನು ಕೇಳಿದೆ. "ಸರ್ ಹತ್ರ ಮಾತಾಡಿದೀವಿ ಮೇಡಂ, ನೀವು ಸೈನ್ ಹಾಕಿ ಸಾಕು" ಅಂದರು.

ಹಾಕಲಿಲ್ಲ. ಮುಂದಿನ ಸಭೆಗೆ ಹೋದೆ. ಗೋಡೆ ಪಕ್ಕದ ಕುರ್ಚಿಗಳಲ್ಲಿ ಬೇರೆ ಸದಸ್ಯೆಯರ ಗಂಡಂದಿರು ಕೂತಿದ್ದರು. ನನ್ನನ್ನು ನೋಡಿ ಅವರೇ ಗಲಿಬಿಲಿಯಾದರು. ನಮ್ಮ ಯಜಮಾನರ ಬಗ್ಗೆ ಒಂದು ಮಾತು ಹೇಳಲೇಬೇಕು. ಮೂರು ದಿನ ಮುಖ ಊದಿಸಿಕೊಂಡಿದ್ದರು, ನಿಜ. ನಾಲ್ಕನೇ ದಿನ "ಹೋಗು, ನೀನೇ ಹೋಗು" ಅಂದರು. ಅದು ಕೋಪಕ್ಕೆ ಹೇಳಿದ್ದೋ, ಒಪ್ಪಿ ಹೇಳಿದ್ದೋ ಇವತ್ತಿಗೂ ಗೊತ್ತಿಲ್ಲ. ಕೇಳಲು ಹೋಗಿಲ್ಲ.

ಉಳಿದ ನಾಲ್ಕು ವರ್ಷ ನಾನೇ ಕೆಲಸ ಮಾಡಿದೆ. 2020ಕ್ಕೆ ವಾರ್ಡ್ 'ಸಾಮಾನ್ಯ' ಆಯಿತು. ನಾಮಪತ್ರ ಹಾಕುತ್ತೇನೆ ಅಂದೆ. ಅದೇ ನಾಲ್ಕು ಜನ ಮತ್ತೆ ಬಂದರು. "ಈ ಸಲ ಜನರಲ್ ಗಂಡು ಬಂದದೆ ಕಣಮ್ಮ, ಗಂಡಸ್ರಿಗೆ ಬಿಟ್ಟುಕೊಡಿ. ಮುಂದಿನ ಸಲ ಹೆಣ್ಣು ಬಂದಾಗ ನೋಡೋಣ." ಕಾನೂನು ಓದಿ ಹೇಳಿದೆ. ನಕ್ಕರು. ನಿಂತೆ, ಸೋತೆ. ಠೇವಣಿ ಉಳೀತು.

ಈಗ ವಿಧಾನಸೌಧಕ್ಕೆ ಬನ್ನಿ. ಅಲ್ಲಿ ಹೆಣ್ಣುಮಕ್ಕಳಿಗೆ ಇನ್ನೂ ಮೀಸಲಾತಿ ಜಾರಿಯಾಗಿಲ್ಲ. ಅಂದರೆ ನಮ್ಮೂರ ಲೆಕ್ಕದಲ್ಲಿ 224 ಸೀಟೂ 'ಗಂಡು'. 2023ರಲ್ಲಿ ಗೆದ್ದ ಹೆಣ್ಣುಮಕ್ಕಳು 10. ಆಮೇಲೆ ಸಂಡೂರು ಉಪಚುನಾವಣೆಯಲ್ಲಿ ಅನ್ನಪೂರ್ಣಾ ತುಕಾರಾಂ ಗೆದ್ದು ಹನ್ನೊಂದಾಯಿತು. ಆ ಚುನಾವಣೆ ನಂತರದ ಸಂಪುಟಕ್ಕೆ ಬಂದ ಹೆಣ್ಣು ಒಬ್ಬರೇ, ಲಕ್ಷ್ಮೀ ಹೆಬ್ಬಾಳ್ಕರ್. ಖಾತೆ ಯಾವುದು ಅಂತ ನಾನು ಹೇಳಬೇಕೇ? ಮಹಿಳಾ ಮತ್ತು ಮಕ್ಕಳ ಕಲ್ಯಾಣ. ಹಿಂದಿನ ಸರ್ಕಾರಗಳಲ್ಲಿ ಉಮಾಶ್ರೀ ಅವರಿಗೂ ಅದೇ, ಜಯಮಾಲಾ ಅವರಿಗೂ ಅದೇ, ಶಶಿಕಲಾ ಜೊಲ್ಲೆ ಅವರಿಗೂ ಅದೇ. ಮದುವೆ ಮನೆಯಲ್ಲಿ ಹೆಂಗಸರನ್ನೆಲ್ಲ ಕಾಯಿ ತುರಿಯಲು ಕೂರಿಸಿದ ಹಾಗೆ. ಶೋಭಾ ಕರಂದ್ಲಾಜೆ ಅವರಿಗೆ ಗ್ರಾಮೀಣಾಭಿವೃದ್ಧಿ, ಇಂಧನ ಖಾತೆ ಸಿಕ್ಕಿತ್ತು. ಆ ಥರ ಸಿಕ್ಕವರನ್ನು ಬೆರಳಲ್ಲಿ ಎಣಿಸಬಹುದು.

ಕರ್ನಾಟಕದಲ್ಲಿ ಹೀಗಾಗಬಾರದಿತ್ತು. ಇಡೀ ದೇಶಕ್ಕೆ ಪಂಚಾಯ್ತಿ ಮೀಸಲಾತಿ ಬಂದಿದ್ದು 1993ರ ಸಂವಿಧಾನ ತಿದ್ದುಪಡಿಯಿಂದ. ನಮ್ಮಲ್ಲಿ ಅದಕ್ಕೂ ಹತ್ತು ವರ್ಷ ಮೊದಲೇ, 1983ರ ಕಾಯ್ದೆಯಲ್ಲೇ, ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸೀಟು ಇಟ್ಟಿದ್ದರು. 1987ರಲ್ಲಿ ಚುನಾವಣೆಯೂ ಆಯಿತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ನಜೀರ್ ಸಾಬ್ ಮಂತ್ರಿ. ಊರೂರಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನಿಸಿಕೊಂಡವರು. ಈಗ ಪಂಚಾಯ್ತಿಯಲ್ಲಿ ಅರ್ಧ ಸೀಟು ನಮ್ಮದು. ಕೆಳಗೆ ಅರ್ಧ, ಮೇಲೆ 224ಕ್ಕೆ ಹತ್ತು ಹನ್ನೊಂದು. ನಡುವೆ ಇದ್ದವರೆಲ್ಲ ಎಲ್ಲಿ ಹೋದರು? ಎಲ್ಲೂ ಹೋಗಿಲ್ಲ. 'ಗಂಡು ಬಂದಿದೆ' ಅಂದಾಗ ಮನೆಗೆ ಬಂದಿದ್ದಾರೆ.

ಮೀಸಲಾತಿ ಇಲ್ಲದೆ ಗೆದ್ದವರು ಇಲ್ಲವೇ ಅಂತ ಕೇಳಬಹುದು. ಇದ್ದಾರೆ. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ ಅವರನ್ನು ನೋಡಿ. ಏಳು ಸಲ ಶಾಸಕಿ. 1972ರಲ್ಲಿ ವಿಧಾನಸಭೆಯ ಸ್ಪೀಕರ್. ಆಮೇಲೆ ವಿರೋಧ ಪಕ್ಷದ ನಾಯಕಿಯೂ ಆದರು. ಸ್ಪೀಕರ್ ಕುರ್ಚಿಯಲ್ಲಿ ಕೂತ ಮೊದಲ ಹೆಣ್ಣು ಅವರು. ಅವರ ನಂತರ ಆ ಕುರ್ಚಿಗೆ ಎಷ್ಟು ಹೆಣ್ಣುಮಕ್ಕಳು ಬಂದರು ಅಂತ ನಿಮ್ಮ ಮನೆಯ ಪಿಯುಸಿ ಮಕ್ಕಳನ್ನು ಕೇಳಿ ನೋಡಿ. ಉತ್ತರ ಸುಲಭ, ಸೊನ್ನೆ.

ಆ ಕುರ್ಚಿ ಅಂದ ತಕ್ಷಣ ನನಗೆ ನೆನಪಾಗುವುದು 2021ರ ಡಿಸೆಂಬರ್. ಬೆಳಗಾವಿ ಅಧಿವೇಶನ. ಮಾತಾಡಲು ಎಲ್ಲರೂ ಸಮಯ ಕೇಳುತ್ತಿದ್ದರು, ಸ್ಪೀಕರ್ ಕಾಗೇರಿಯವರು ಸುಸ್ತಾಗಿದ್ದರು. ಆಗ ಮಾಜಿ ಸ್ಪೀಕರ್ ರಮೇಶ್ ಕುಮಾರ್ ಎದ್ದು, ಅತ್ಯಾಚಾರ ತಪ್ಪಿಸಿಕೊಳ್ಳಲು ಆಗದಿದ್ದಾಗ ಮಲಗಿ ಸುಖಪಡಬೇಕು ಅನ್ನುವ ಅರ್ಥದ ಇಂಗ್ಲಿಷ್ ಗಾದೆಯೊಂದನ್ನು ಹೇಳಿದರು. ಮಾತಾಡಿದ್ದು ಸಮಯದ ಬಗ್ಗೆ! ಸ್ಪೀಕರ್ ನಕ್ಕರು. ಸದನವೂ ನಕ್ಕಿತು. ವಿಡಿಯೊ ಇದೆ, ನೋಡಿ. ನನಗೆ ಆ ಮಾತಿಗಿಂತ ಆ ನಗುವೇ ಜಾಸ್ತಿ ಚುಚ್ಚಿತು. ಬಾಯಿ ತಪ್ಪಿ ಒಬ್ಬರು ಏನೋ ಅಂದರು ಅನ್ನಬಹುದು. ಅಷ್ಟು ಜನ ಒಟ್ಟಿಗೆ ಬಾಯಿ ತಪ್ಪಿ ನಗುತ್ತಾರೆಯೇ? ಮಾರನೇ ದಿನ ಅಂಜಲಿ ನಿಂಬಾಳ್ಕರ್, ಸೌಮ್ಯಾ ರೆಡ್ಡಿ, ರೂಪಕಲಾ ಇವರೆಲ್ಲ ಎದ್ದು ನಿಂತು ಪ್ರತಿಭಟಿಸಿದರು. ಮಾತಾಡಿದವರು ಅವರದೇ ಪಕ್ಷದ ಹಿರಿಯರು ಅನ್ನುವುದು ಗೊತ್ತಿರಲಿ. ರಮೇಶ್ ಕುಮಾರ್ ಕ್ಷಮೆ ಕೇಳಿದರು, ವಿಷಯ ಮುಗಿಯಿತು. ಸದನದಲ್ಲಿ 75 ಹೆಣ್ಣುಮಕ್ಕಳು ಕೂತಿದ್ದರೆ ಆ ಗಾದೆ ನಾಲಿಗೆ ದಾಟಿ ಬರುತ್ತಿತ್ತೇ?

75 ಅಂತ ಯಾಕೆ ಅಂದೆ ಅಂದರೆ, 224ರಲ್ಲಿ ಮೂರನೇ ಒಂದು ಭಾಗ ಹೆಚ್ಚು ಕಮ್ಮಿ ಅಷ್ಟೇ. ವಿಧಾನಸಭೆ, ಲೋಕಸಭೆಯಲ್ಲಿ ಹೆಣ್ಣುಮಕ್ಕಳಿಗೆ ಅಷ್ಟು ಸೀಟು ಮೀಸಲಿಡುವ ಮಸೂದೆಯನ್ನು ಮೊದಲು ಲೋಕಸಭೆಗೆ ತಂದಿದ್ದು ನಮ್ಮ ದೇವೇಗೌಡರ ಸರ್ಕಾರ, 1996ರ ಸೆಪ್ಟೆಂಬರಿನಲ್ಲಿ. ಆಮೇಲೆ ಅದು ಪಟ್ಟ ಪಾಡು ಒಂದೆರಡಲ್ಲ. ಒಮ್ಮೆ ಸದನದೊಳಗೇ ಕಿತ್ತುಕೊಂಡು ಹರಿದರು. 'ಬಾಬ್ ಕಟ್' ಹೆಂಗಸರಿಗೆ ಮಾತ್ರ ಇದರಿಂದ ಲಾಭ ಅಂತ ಸಂಸದ ಶರದ್ ಯಾದವ್ ಹಂಗಿಸಿದರು. ಹಿಂದುಳಿದವರಿಗೆ ಒಳಮೀಸಲಾತಿ ಬೇಕು ಅನ್ನುವ ಅವರ ವಾದದಲ್ಲಿ ಹುರುಳಿತ್ತು ಅಂತಲೇ ನಾನು ನಂಬುತ್ತೇನೆ, ಹೇಳಿದ ರೀತಿ ಮಾತ್ರ ಕೊಳಕು. 2010ರಲ್ಲಿ ರಾಜ್ಯಸಭೆ ದಾಟಿತು, ಲೋಕಸಭೆಗೆ ಬರಲೇ ಇಲ್ಲ. ಕೊನೆಗೆ 2023ರ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ 454 ಪರ, 2 ವಿರುದ್ಧ. ಇಷ್ಟು ಸಲೀಸಾಗಿ ಒಪ್ಪುವುದಿದ್ದರೆ 27 ವರ್ಷ ಯಾಕೆ ಬೇಕಿತ್ತು? ಯಾಕೆ ಸಲೀಸಾಯಿತು ಅಂದರೆ, ಜನಗಣತಿ ಆಗಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಜಾರಿ ಅಂತ ಅದರಲ್ಲೇ ಬರೆದಿದ್ದಾರೆ. ಕೂತವರ ಸೀಟು ಅವತ್ತೇ ಹೋಗುವುದಿಲ್ಲ. ಅಂಗಡಿ ಗೋಡೆ ಮೇಲೆ 'ಸಾಲ ನಾಳೆ' ಅಂತ ಬರೆದಿರುತ್ತಾರಲ್ಲ, ಹಾಗೆ.

ಅದರ ಮುಂದಿನ ವರ್ಷವೇ ಲೋಕಸಭೆ ಚುನಾವಣೆ. ಗೆದ್ದ ಹೆಣ್ಣುಮಕ್ಕಳು 543ಕ್ಕೆ 74. ಹಿಂದಿನ ಸಲ 78 ಇತ್ತು. ಕಾನೂನು ಪಾಸಾದ ಮೇಲೆ ಸಂಖ್ಯೆ ಕಮ್ಮಿಯಾಗಿದೆ!

ದಾವಣಗೆರೆಯಲ್ಲಿ ಆ ಸಲ ಚಂದದ ಪ್ರಸಂಗ. ಬಿಜೆಪಿಯಿಂದ ಗಾಯತ್ರಿ ಸಿದ್ದೇಶ್ವರ, ಕಾಂಗ್ರೆಸ್ಸಿನಿಂದ ಡಾ. ಪ್ರಭಾ ಮಲ್ಲಿಕಾರ್ಜುನ್. ಮೀಸಲಾತಿ ಇಲ್ಲದ ಕ್ಷೇತ್ರದಲ್ಲಿ ಎರಡೂ ದೊಡ್ಡ ಪಕ್ಷಗಳಿಂದ ಹೆಣ್ಣುಮಕ್ಕಳು. ಅಷ್ಟರಲ್ಲಿ ಪ್ರಭಾ ಅವರ ಮಾವ, ಹಿರಿಯ ಶಾಸಕ ಶಾಮನೂರು ಶಿವಶಂಕರಪ್ಪನವರು, ಎದುರಾಳಿ ಅಡುಗೆ ಮಾಡಲಷ್ಟೇ ಲಾಯಕ್ಕು ಅನ್ನುವ ಅರ್ಥದಲ್ಲಿ ಮಾತಾಡಿದರು. ಯಾರ ಪರವಾಗಿ? ಸ್ವಂತ ಸೊಸೆಯ ಪರವಾಗಿ. ಅವರ ಸೊಸೆ ದಂತವೈದ್ಯೆ, ಹಾಗಾಗಿ ಅವರ ತಲೆಯಲ್ಲಿ ಆಕೆ ಬೇರೆ, ಉಳಿದ ಹೆಂಗಸರು ಬೇರೆ. ನಮ್ಮ ಮನೆಗಳಲ್ಲೂ ಹಾಗೇ ಅಲ್ವಾ? ನಮ್ಮ ಹುಡುಗಿ ಹುಷಾರು, ಪಕ್ಕದ ಮನೆಯವಳು ಬಾಯಿಬಡುಕಿ. ಪ್ರಭಾ 26 ಸಾವಿರ ಚಿಲ್ಲರೆ ಮತದಿಂದ ಗೆದ್ದರು. ದಾವಣಗೆರೆಯಿಂದ ಹೆಣ್ಣೊಬ್ಬರು ಲೋಕಸಭೆಗೆ ಹೋಗಿದ್ದು ಅದೇ ಮೊದಲು.

"ಎಲ್ಲಾ ಯಾರದೋ ಹೆಂಡ್ತಿ, ಯಾರದೋ ಮಗಳು" ಅಂತ ಕಾಮೆಂಟ್ ಬರುತ್ತದೆ, ಗೊತ್ತು. ನಿಜವೇ. ಪ್ರಿಯಾಂಕಾ ಜಾರಕಿಹೊಳಿ ಸಚಿವರ ಮಗಳು, ನಯನಾ ಮಾಜಿ ಸಚಿವೆ ಮೋಟಮ್ಮನವರ ಮಗಳು, ಹರಪನಹಳ್ಳಿಯ ಲತಾ ಮಾಜಿ ಉಪಮುಖ್ಯಮಂತ್ರಿ ಎಂ.ಪಿ. ಪ್ರಕಾಶರ ಮಗಳು. ಆದರೆ ಗಂಡುಮಕ್ಕಳ ಪಟ್ಟಿ ಮಾಡಿದರೆ ಈ ಪೋಸ್ಟ್ ಮುಗಿಯುವುದೇ ಇಲ್ಲ. ಮಗ ಬಂದರೆ ವಾರಸುದಾರ, ಮಗಳು ಬಂದರೆ ಡಮ್ಮಿ. ಇನ್ನು ಲತಾ ಅವರು ಗೆದ್ದಿದ್ದು ಪಕ್ಷೇತರರಾಗಿ, ಯಾವ ಪಕ್ಷದ ಬಿ ಫಾರಂ (ಟಿಕೆಟ್) ಇಲ್ಲದೆ. ಸುಳ್ಯದ ಭಾಗೀರಥಿ ಮುರುಳ್ಯ ಅವರಂಥವರೂ ಇದ್ದಾರೆ, ಪಂಚಾಯತ್ ಮಟ್ಟದಿಂದ ಮೇಲೆ ಬಂದವರು. ಹಾಗೆ ಬಂದವರ ಹೆಸರು ಹುಡುಕಬೇಕಾಗುತ್ತದೆ, ಅದೇ ಬೇಜಾರು.

ಮೂರನೇ ಒಂದು ಸೀಟು ಬಂದಾಗ ನಾನು ಖುಷಿಪಡುತ್ತೇನೆ, ಸಿಹಿ ಹಂಚುತ್ತೇನೆ. ಪಂಚಾಯ್ತಿಯಲ್ಲಿ ಮೀಸಲಾತಿ ಇಲ್ಲದಿದ್ದರೆ ನಾನೂ ಇವತ್ತಿಗೂ ಕಾಫಿ ಸೋಸುತ್ತಿದ್ದೆ. ಆದರೆ ಅಲ್ಲೂ ಸೀಟು ತಿರುಗುತ್ತವೆ. ಪ್ರತಿ ಮರುವಿಂಗಡಣೆಯ ನಂತರ ಬದಲಾಗುತ್ತವೆ ಅಂತ ಕಾನೂನೇ ಹೇಳುತ್ತದೆ. ಪಂಚಾಯ್ತಿಯಷ್ಟು ಬೇಗ ಅಲ್ಲ, ಆದರೂ ತಿರುಗುತ್ತವೆ. ಆವತ್ತು ಆ 75ರಲ್ಲಿ ಎಷ್ಟು ಜನಕ್ಕೆ ಅದೇ ಕ್ಷೇತ್ರದಲ್ಲಿ ಮತ್ತೆ ಬಿ ಫಾರಂ ಕೊಡುತ್ತಾರೆ? ನಾಲ್ಕು ಜನ ಜಗಲಿಗೆ ಬಂದು "ಈ ಸಲ ಗಂಡು ಬಂದದೆ ಕಣಮ್ಮ" ಅನ್ನುವುದಿಲ್ಲವೇ? ನಾಗರತ್ನಮ್ಮನವರಿಗೆ ಹಾಗೆ ಯಾರೂ ಹೇಳಲಿಲ್ಲವೋ, ಅಥವಾ ಹೇಳಿದರೂ ಅವರು ಕೇಳಿಸಿಕೊಳ್ಳಲಿಲ್ಲವೋ.

ಮೊನ್ನೆ ಡೇರಿಯಲ್ಲಿ ಪುಟ್ಟಮ್ಮಜ್ಜಿ ಸಿಕ್ಕಿದ್ದಳು. ಹಾಲು ಅಳೆಸಿ, ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕುತ್ತಾ ಕೇಳಿದಳು. "ಈ ಸಲ ಯಾವ್ದು ಬಂದ್ರೆ ನಿಂತ್ಕತೀಯವ್ವ?"

"ಯಾವ್ದು ಬಂದ್ರೂ ನಿಂತ್ಕತೀನಿ ಅಜ್ಜಿ."

ಅವಳು ಒಂದು ನಿಮಿಷ ನನ್ನ ಮುಖವನ್ನೇ ನೋಡಿದಳು. "ಹಂಗಾದ್ರೆ ನಿನ್ ಗಂಡಂಗೆ ಈಗ್ಲೇ ಹೇಳಿಡು. ಕಾಫಿ ಕಾಯ್ಸೋದು ಕಲ್ತ್ಕಳ್ಳಿ."