ಇನ್ನೂ ಮುಗಿದಿಲ್ಲ

ಹವ್ಯಾಸಕ್ಕೆಂದು ಚಿತ್ರ ಬರೆಯುವವರು ಅರ್ಧಕ್ಕೆ ನಿಂತ ಕೆಲಸದ ಫೋಟೊ ತೆಗೆದು ಗುಂಪಿನ ಗೆಳೆಯರಿಗೆ ಕಳುಹಿಸುವಾಗ, ಅದರ ಕೆಳಗೆ "ಇನ್ನೂ ಮುಗಿದಿಲ್ಲ" ಎಂದು ಬರೆಯಲು ಮರೆಯುವುದಿಲ್ಲ. ಈ ಮಾತಿನಲ್ಲಿ ವಿನಯ ಎಷ್ಟಿದೆಯೋ ಜಾಣತನವೂ ಅಷ್ಟೇ ಇದೆ. ನೋಡಿದವರು ಹೊಗಳಿದರೆ, ಮುಗಿಯುವ ಮೊದಲೇ ಇಷ್ಟು ಚೆನ್ನಾಗಿದೆ ಎಂದಾಯಿತು. ತೆಗಳಿದರೆ, ಮುಗಿದಿಲ್ಲವೆಂದು ಮೊದಲೇ ಹೇಳಿದ್ದೆವಲ್ಲ!

ಚಿತ್ರವನ್ನು ಜನರ ಮುಂದಿಟ್ಟು ಅವರ ಮಾತಿಗೆ ಕಿವಿಗೊಡುವ ಚಪಲ ಮೊಬೈಲಿನೊಂದಿಗೆ ಹುಟ್ಟಿದ್ದಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಚಿತ್ರಕಾರ ಅಪೆಲ್ಲೀಸ್ ತನ್ನ ಚಿತ್ರಗಳನ್ನು ದಾರಿಹೋಕರಿಗೆ ಕಾಣುವಂತೆ ಇಟ್ಟು, ತಾನು ಹಿಂದೆ ಅಡಗಿ ನಿಲ್ಲುತ್ತಿದ್ದನೆಂದು ರೋಮಿನ ಪ್ಲಿನಿ ಬರೆದಿದ್ದಾನೆ. ಪಾದರಕ್ಷೆ ಹೊಲಿಯುವವನೊಬ್ಬ ಚಿತ್ರದಲ್ಲಿನ ಪಾದರಕ್ಷೆಗೆ ಒಂದು ಕುಣಿಕೆ ಕಡಿಮೆಯಾಗಿದೆ ಎಂದಾಗ ಅಪೆಲ್ಲೀಸ್ ಅದನ್ನು ತಿದ್ದಿದ. ಅದೇ ಮನುಷ್ಯ ಮರುದಿನ ಕಾಲಿನ ಬಗೆಗೂ ಮಾತೆತ್ತಿದಾಗ, ಪಾದರಕ್ಷೆಯಿಂದ ಮೇಲಕ್ಕೆ ಬರಬೇಡವೆಂದು ಗದರಿದ. ನನ್ನ ಮಟ್ಟಿಗೆ ಹೇಳುವುದಾದರೆ ನ್ಯಾಯ ಪಾದರಕ್ಷೆಯವನ ಕಡೆಗಿದೆ. ಕಾಲು ಎಲ್ಲರಿಗೂ ಇದೆ. ಅದರ ಬಗ್ಗೆ ಮಾತನಾಡಲು ಯಾರ ಅಪ್ಪಣೆಯೂ ಬೇಕಿಲ್ಲ.

ನಮ್ಮ ಹವ್ಯಾಸಿಗಳಿಗೆ ಪ್ರಿಯವಾದ ವಸ್ತುಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ: ಮಳೆಗಾಲದ ಜೋಗ, ಯಕ್ಷಗಾನದ ವೇಷ, ಎಲ್ಲಕ್ಕಿಂತ ಮಿಗಿಲಾಗಿ ಹಂಪಿಯ ಕಲ್ಲಿನ ರಥ. ಈ ರಥ ಪೆನ್ಸಿಲ್ ಗೆರೆಗಳಲ್ಲಿ ಇರುವಾಗಲೇ ಗುಂಪಿಗೆ ಬಂದರೆ ನಡೆಯುವ ಚರ್ಚೆಯ ಸೊಗಸೇ ಬೇರೆ. ಓರೆಯಿಂದ ನೋಡಿದಾಗ ದುಂಡನೆಯ ಚಕ್ರ ಕಿರಿದಾಗಿ ಕಾಣಬೇಕಲ್ಲವೇ ಎಂದು ಒಬ್ಬರು ಕೇಳುತ್ತಾರೆ. ಮುಂದಿರುವ ಆನೆಗಳು ಮೂಲದವಲ್ಲ, ಅಲ್ಲಿ ಮೊದಲು ಕುದುರೆಗಳಿದ್ದವು, ಅವುಗಳ ಕಾಲಿನ ಗುರುತು ಆನೆಗಳ ಹಿಂದೆ ಈಗಲೂ ಕಾಣುತ್ತದೆ ಎಂದು ಇನ್ನೊಬ್ಬರು ತಿಳಿಸುತ್ತಾರೆ. ಮತ್ತೊಬ್ಬರು ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರವನ್ನೇ ಹುಡುಕಿ ತಂದು, ರಥದ ಮೇಲೆ ಆಗ ಇದ್ದ ಇಟ್ಟಿಗೆಯ ಗೋಪುರವನ್ನು ತೋರಿಸಿ, ತಾವು ಬರೆಯುತ್ತಿರುವುದು ಯಾವ ಕಾಲದ ರಥವೆಂದು ವಿಚಾರಿಸುತ್ತಾರೆ. ಅದೇ ರಥ ಬಣ್ಣ ತುಂಬಿಕೊಂಡು, ಮೂಲೆಯಲ್ಲಿ ಸಹಿ ಹಾಕಿಸಿಕೊಂಡು ಬಂದರೆ ಅದಕ್ಕೆ ಸಿಗುವುದು ಸಾಲು ಚಪ್ಪಾಳೆ ಮಾತ್ರ. ಎಲೆಯ ಮುಂದೆ ಕೂರಿಸಿದ ನೆಂಟರು ಊಟ ಚೆನ್ನಾಗಿದೆ ಎಂದೇ ಹೇಳಬೇಕು. ಉಪ್ಪು ಸಾಲದೆಂಬ ಮಾತಿಗೆ ಅಡುಗೆಮನೆಯೊಳಗೆ ಬಂದವರಿಗಷ್ಟೇ ಅವಕಾಶ.

ಆದರೆ ಅರೆಚಿತ್ರಕ್ಕೆ ತೆಗಳಿಕೆಗಿಂತ ಹೊಗಳಿಕೆಯಿಂದಲೇ ಹೆಚ್ಚು ಅಪಾಯ. ಜಲವರ್ಣ ಒಣಗಿದಂತೆ ತಿಳಿಯಾಗುತ್ತದೆ. ಆದ್ದರಿಂದ ಹಸಿಯಿರುವಾಗ ತೆಗೆದ ಫೋಟೊದಲ್ಲಿ ಆಕಾಶಕ್ಕೆ ಇರುವ ಗಾಢವಾದ ನೀಲಿ, ಮೆಚ್ಚುಗೆಯ ಮಾತುಗಳು ಬಂದು ಸೇರುವ ಹೊತ್ತಿಗೆ ಕಾಗದದ ಮೇಲೆ ಉಳಿದಿರುವುದಿಲ್ಲ. ಅಷ್ಟರಲ್ಲಿ ಯಾರಾದರೂ "ಇಲ್ಲಿಗೇ ನಿಲ್ಲಿಸಿಬಿಡಿ, ಇನ್ನು ಮುಟ್ಟಬೇಡಿ" ಎಂದಿರುತ್ತಾರೆ. ಆ ಮೇಲೆ ಬ್ರಷ್ ಹಿಡಿದ ಕೈ ಮುಂದೆ ಹೋಗುವುದಾದರೂ ಹೇಗೆ? ಆಕಾಶ ಮಾತ್ರ ಪೂರ್ಣಗೊಂಡು, ರಥ ಇನ್ನೂ ಗೆರೆಯಲ್ಲಿಯೇ ಇರುವ ಎಷ್ಟೋ ಹಾಳೆಗಳು ಹವ್ಯಾಸಿಗಳ ಮೇಜಿನ ಖಾನೆ ಸೇರಿರುವುದಕ್ಕೆ ಇಂಥ ಪ್ರೀತಿಯೇ ಕಾರಣವೆಂದು ನಾನು ನಂಬಿದ್ದೇನೆ.

ಹೀಗಾಗಿ ಪೆನ್ಸಿಲ್ ಹಂತದಲ್ಲಿ ಧಾರಾಳವಾಗಿ ತೋರಿಸಬೇಕು, ಮೊದಲ ಬಣ್ಣ ಬಿದ್ದ ಮೇಲೆ ಚಿತ್ರ ಮುಗಿಯುವವರೆಗೆ ಯಾರಿಗೂ ತೋರಿಸಬಾರದು ಎಂಬುದು ನನ್ನ ಪಕ್ಷ. ಬಣ್ಣ ಹರಿದು ಒಣಗಿದ ಮೇಲೆ ಅದರಡಿಯ ಗೆರೆ ರಬ್ಬರಿಗೆ ಸುಲಭವಾಗಿ ಬಗ್ಗದ ಕಾರಣ, ಆಗ ಬರುವ ಸಲಹೆ ಎಷ್ಟೇ ಸರಿಯಿದ್ದರೂ ಪ್ರಯೋಜನಕ್ಕೆ ಬಾರದು. ತೈಲವರ್ಣದವರು ಇದನ್ನು ಒಪ್ಪುವುದಿಲ್ಲ. ಒಂದು ಪದರ ಒಣಗಲು ದಿನಗಟ್ಟಲೆ ಕಾಯಬೇಕಾದ ಅವರಿಗೆ ಅಷ್ಟು ಕಾಲ ಬಾಯಿ ಮುಚ್ಚಿಕೊಂಡಿರುವುದು ಕಷ್ಟ. ಮೇಲಾಗಿ, ಗುಂಪಿನವರು ಒತ್ತಾಯಿಸಿದರೆ ಆನೆಗಳ ಮೇಲೆ ಬಣ್ಣ ಬಳಿದು ಕುದುರೆಗಳನ್ನೇ ಕಟ್ಟುವ ಅನುಕೂಲವೂ ಅವರಿಗಿದೆ.